ಫೋಗೆಲ್ ಅಜ್ಜಿಯ ಪಾರ್ಸೆಲ್

ಬರ್ಲಿನ್ನಿನಲ್ಲಿ ನನ್ನ ಮನೆಯ ಬೆಲ್ ಒತ್ತದವರು ಇಬ್ಬರೇ ಇದ್ದಾರೆ: ಒಬ್ಬ ಜೈಲಿನಲ್ಲಿದ್ದಾನೆ, ಇನ್ನೊಂದು ನಿನ್ನೆ ಹುಟ್ಟಿದ ಕೂಸು. ಉಳಿದ ಮೂವತ್ತೇಳು ಲಕ್ಷ ಜನವೂ ಬಂದು ನನ್ನ ಕೈಯ ಚಹಾ ಕುಡಿದು ಹೋಗಿದ್ದಾರೆ. ಅಕ್ಟೋಬರಿನ ಆ ಶನಿವಾರ, ಒಂದು ವಾರವಿದ್ದು ಹೋಗಲು ಸ್ಟುಟ್‌ಗಾರ್ಟಿನಿಂದ ಬಂದ ಯಶವಂತನ ಸೂಟ್‌ಕೇಸನ್ನು ನಾಲ್ಕು ಮಹಡಿ ಎಳೆಯುತ್ತಾ ನಾನು ಹೇಳುತ್ತಿದ್ದದ್ದು ಇದನ್ನೇ.

"ಮಂದಿ ಕಾಟ ತಡ್ಯಾಕಾಗವಲ್ದು ನೋಡಪಾ."

ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ನನ್ನ ಕೋಣೆಯಲ್ಲೇ ಇದ್ದವನು ಏದುಸಿರು ಬಿಡುತ್ತಾ, "ಬಿಡಲೇ ದುಂಡ್ಯಾ," ಎಂದ.

ಭಾನುವಾರ ಯಾರೂ ಬರಲಿಲ್ಲ. ಸೋಮವಾರವೂ. ಮಂಗಳವಾರ ಯಶವಂತ ಸೋಫಾದ ಮೇಲೆ ಕಾಲು ಚಾಚಿ, "ನಿನ್ನ ಮೂವತ್ತೇಳು ಲಕ್ಷ ಮಂದಿ ಎಲ್ಲೆ ಸತ್ರೋ?" ಎಂದ. ಇಡೀ ನಗರಕ್ಕೇ ನೆಗಡಿ ಎಂದೆ. ಅವನು ನಗಲಿಲ್ಲ, ನನ್ನನ್ನೇ ನೋಡಿದ. ಊರಿಗೆ ಫೋನ್ ಮಾಡಿ, 'ದುಂಡ್ಯಾ ಒಬ್ಬಂಟಿ ಆಗ್ಯಾನ' ಎಂದುಬಿಟ್ಟರೆ?

ಬುಧವಾರ ಬೆಳಿಗ್ಗೆ ಕಸ ಚೆಲ್ಲುವ ನೆಪದಲ್ಲಿ ಕೆಳಗಿಳಿದು, ಎರಡನೇ ಮಹಡಿಯ ಫೋಗೆಲ್ ಅಜ್ಜಿಯ ಅಂಚೆಡಬ್ಬಿಗೆ ಒಂದು ಚೀಟಿ ಹಾಕಿದೆ. ಇಲ್ಲಿ ನಾವು ಮನೆಯಲ್ಲಿಲ್ಲದಿದ್ದರೆ ನಮ್ಮ ಪಾರ್ಸೆಲ್ ನೆರೆಯವರ ಕೈಗೆ ಹೋಗುತ್ತದೆ. ಯಾರ ಬಳಿ ಇದೆಯೆಂದು ಚೀಟಿ ಹೇಳುತ್ತದೆ. ಅವಸರದಲ್ಲಿದ್ದ ಡೆಲಿವರಿಯವನು ಅಜ್ಜಿಯ ಪಾರ್ಸೆಲ್ಲಿನ ಜೊತೆ ಚೀಟಿಯನ್ನೂ ನನ್ನ ಕೈಗೇ ತುರುಕಿ ಹೋಗಿದ್ದ.

ಸಂಜೆ ಬೆಲ್ ಆಯಿತು. "ಬಂದ್ರು ನೋಡು!" ಎನ್ನುತ್ತಾ ಬಾಗಿಲು ತೆರೆದೆ. ಅಜ್ಜಿ ಒಳಗೆ ಬರಲಿಲ್ಲ. ಚಹಾ ಎಂದೆ, ಬೇಡವೆಂದಳು. ನಾನು ಕೊಟ್ಟ ಪಾರ್ಸೆಲ್ಲನ್ನು ಎದೆಗವಚಿಕೊಂಡು ಜರ್ಮನ್ನಿನಲ್ಲಿ ನಿಧಾನವಾಗಿ ಹೇಳಿದಳು: ಒಂಬತ್ತು ದಿನ ಹುಡುಕಿದೆ, ಮೊಮ್ಮಗಳ ಹುಟ್ಟುಹಬ್ಬದ ಬೂಟು, ಹುಟ್ಟುಹಬ್ಬ ಭಾನುವಾರವೇ ಮುಗಿಯಿತು, ಚೀಟಿ ಸಿಕ್ಕಿದ್ದು ಇವತ್ತು. ಆಮೇಲೆ ಎರಡೆರಡು ಸಲ ಥ್ಯಾಂಕ್ಸ್ ಹೇಳಿ ಇಳಿದುಹೋದಳು.

ಯಶವಂತನ ಜರ್ಮನ್ ನನ್ನದಕ್ಕಿಂತ ಚೆನ್ನಾಗಿದೆ.

"ಕಸ ಚೆಲ್ಲಾಕ ಹೋದಾಂವ ಚೀಲಾ ಇಲ್ಲೇ ಬಿಟ್ಟು ಹೋಗಿದ್ದಿ," ಎಂದ. "ಚೀಟಿ ಹಾಕಾಕ ಹೋಗಿದ್ದೇನು?"

"ನೀ ಇದ್ದಾಗ ಒಬ್ರರ ಬರ್ಲಿ ಅಂತ ಇಟ್ಕೊಂಡಿದ್ದೆ."

"ಪಾಪ, ಆ ಕೂಸಿನ ಬೂಟಲೇ."

ನಾನು ಬಾಗಿಲು ಹಾಕಿದೆ.

"ಖರೇ ಹೇಳು. ನನಗಿಂತ ಮೊದಲ ಈ ಮನಿಯೊಳಗ ಯಾರು ಬಂದಿದ್ರು?"

"ಹೀಟರ್ ರೀಡಿಂಗ್ ತಗೊಳ್ಳಾಂವ. ಜನವರಿಯಾಗ. ಎರಡ ತಾಸು ಕುಂತು ಮಾತಾಡಿ ಹೋದ," ಎಂದೆ.

ಯಶವಂತ ಸೋಫಾದ ಮೇಲೆ ಕೂತು ಪಕ್ಕದಲ್ಲಿ ನನಗೆ ಜಾಗ ಬಿಟ್ಟ.

"ಇಲ್ಲಪಾ. ಎರಡ ನಿಮಿಷ. ಕುಂದ್ರಲಿಲ್ಲ."