ಅಣಕಿಸಿದ ದನಿ

ನಿಲ್ಲಿಸಿ ಎಂದು ನಿಜವಾಗಿಯೂ ಕೂಗಿದ್ದೆನೋ, ಕೂಗಬೇಕೆಂದುಕೊಂಡದ್ದೇ ಈಗ ಕೂಗಿದ ಹಾಗೆ ಕೇಳಿಸುತ್ತಿದೆಯೋ? ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು ಅವನು ಗಂಟಲು ಮುಟ್ಟಿ ನೋಡಿಕೊಂಡ. ಒಳಗೆ ಭಾವನ ಕಾಲಿಗೆ ರಾಡ್ ಹಾಕುತ್ತಿದ್ದರು.

ಕಲ್ಲು ಚಪ್ಪಡಿ ಇಳಿಸುವ ಅಂಗಳದಲ್ಲಿ ಅವನ ಕೆಲಸ ಕೂಗುವುದು. ಕ್ರೇನಿನವನಿಗೆ ಗೋಡೆಯ ಈಚೆ ಏನೂ ಕಾಣುವುದಿಲ್ಲ. ವಾಕಿಟಾಕಿಯಲ್ಲಿ ಇವನು ಹೇಳಿದಂತೆ ಇಳಿಸಬೇಕು, ನಿಲ್ಲಿಸಬೇಕು. ಆದರೆ ಇವನ ಊರಿನವರು ಮಾತಿನ ಬಾಲ ಎಳೆಯುತ್ತಾರೆ. ಕೆಲಸ ಕೊಡಿಸಿದ ಭಾವನಿಗೇ ಅದು ದಿನನಿತ್ಯದ ತಮಾಷೆ. ಇನ್ನೊಂದು ವಾಕಿಟಾಕಿ ಎತ್ತಿಕೊಂಡು "ನಿಲ್ಸೀಈಈ" ಎಂದು ಇವನದೇ ರಾಗ ತೆಗೆಯುತ್ತಿದ್ದ. ಮೊದಮೊದಲು ಕ್ರೇನಿನವನು ಪಾಪ ನಿಲ್ಲಿಸುತ್ತಿದ್ದ. ಅಂಗಳವೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಆಮೇಲೆ ಅವನೂ ಹುಷಾರಾದ. "ಹೋಗ್ರಯ್ಯ, ನಿಮ್ಮ ಆಟಕ್ಕೆ ನಾನು ಬೀಳಲ್ಲ."

ಇವತ್ತು ಬೆಳಿಗ್ಗೆ ಇಳಿಯುತ್ತಿದ್ದ ಚಪ್ಪಡಿಯ ಅಡಿಗೆ ಮರದ ದಿಮ್ಮಿ ಸರಿಸಲು ಭಾವ ಕಾಲಿಟ್ಟ. ಚಪ್ಪಡಿ ನಿಲ್ಲಲಿಲ್ಲ.

ಕ್ರೇನಿನವನು ಆಸ್ಪತ್ರೆಗೆ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತ. ದನಿ ತಗ್ಗಿಸಿದ.

"ಕೂಗಿದ್ದು ನೀನೇನಾ? ನಿಮ್ಮ ಭಾವನೇ ಅಣಕಿಸ್ತಿದಾನೆ ಅಂದ್ಕೊಂಡೆ, ಆಣೆಗೂ. ಮಾಲೀಕರ ಹತ್ರ ಏನೂ ಕೇಳಿಸ್ಲಿಲ್ಲ ಅಂದಿದೀನಿ. ನಂಗೂ ಮಕ್ಕಳಿದಾರಪ್ಪ. ತಪ್ಪು ತಿಳ್ಕೋಬೇಡ."

ಹಾಗಾದರೆ ಕೂಗಿದ್ದ. ಅನುಮಾನ ಹೋದ ಜಾಗಕ್ಕೆ ಸಿಟ್ಟು ನುಗ್ಗಿತು. ಕೈಗಳನ್ನು ತೊಡೆಯ ಕೆಳಗೆ ಅದುಮಿ ಇಟ್ಟುಕೊಂಡ. ಕ್ರೇನಿನವನು ಎದ್ದು ಹೋದದ್ದೂ ತಿಳಿಯಲಿಲ್ಲ.

ಅಕ್ಕ ಬಂದಳು. ಕೂರಲಿಲ್ಲ.

"ನೆಟ್ಟಗೆ ಮಾತಾಡೋದು ಕಲಿ ಅಂತ ಎಷ್ಟು ಸಲ ಬಡ್ಕೊಂಡೆ! ಡಿಗ್ರಿ ತಗೊಂಡು ಉಪ್ಪಿನಕಾಯಿ ಹಾಕ್ತೀಯಾ? ನಿನ್ನ ನಾಲಿಗೆಗೆ ಅವರ ಕಾಲು ಹೋಯ್ತಲ್ಲೋಓಓ!"

ಮದುವೆಯಾದ ಮೇಲೆ ಉಜ್ಜಿ ಉಜ್ಜಿ ತೆಗೆದಿದ್ದ ಊರಿನ ಎಳೆತ ಅವಳ ಬಾಯಲ್ಲಿ ಇಡಿಯಾಗಿ ಮರಳಿತ್ತು. ಅವಳಿಗೆ ಅದು ಕೇಳಿಸಲಿಲ್ಲ. ಇವನಿಗೆ ಕೇಳಿಸಿತು.

ಸಂಜೆ ವಾರ್ಡಿನಲ್ಲಿ ಅಕ್ಕ ಗಂಡನನ್ನೇ ಕೇಳಿದಳು. "ಇವನು ಕೂಗಿದ್ನಾ? ನಿಜ ಹೇಳಿ. ಮಾಲೀಕರು ಇವನನ್ನ ತೆಗೆದು ಹಾಕ್ತಾರಂತೆ."

ಭಾವ ಇವನ ಮುಖ ನೋಡಿದ. ಆಮೇಲೆ ಗ್ಲೂಕೋಸ್ ಬಾಟಲಿ ನೋಡಿದ.

"ನಂಗೇನೂ ಕೇಳಿಸ್ಲಿಲ್ಲ."

ಇವನು ಹತ್ತಿರ ಸರಿದ. ಮಂಚದ ಸರಳನ್ನು ಬಿಗಿಯಾಗಿ ಹಿಡಿದ. ಮಾತು ನಾಲಿಗೆಯ ತುದಿಗೆ ಬಂದು, ಎಳೆತದ ಸಮೇತ ಕಾದು ನಿಂತಿತ್ತು. ಅಕ್ಕ ಸೆರಗಿನಿಂದ ಗಂಡನ ಹಣೆ ಒರೆಸುತ್ತಿದ್ದಳು.

ಮರುದಿನ ಅವನು ವಾಕಿಟಾಕಿಯನ್ನು ಮಾಲೀಕರ ಮೇಜಿನ ಮೇಲೆ ಕುಕ್ಕಿ ಹೊರಬಂದ.

ತಾನು ಕೂಗಿದ್ದನ್ನು, ಆ ಕೂಗನ್ನು ಯಾರೂ ನಂಬದ ಹಾಗೆ ಮಾಡಿದ್ದು ಅವಳ ಗಂಡನೇ ಎಂಬುದನ್ನು, ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.