ತಪ್ಪಿದ ದಿನ ಲಾಂಜಿನಲ್ಲಿ ಕೂರುತ್ತಿದ್ದವರು

ಮುನ್ಸೂಚನೆ ತಪ್ಪಿದ ದಿನ ಮಂಜು ಮಾವ ಮನೆಗೆ ಹೋಗುತ್ತಿರಲಿಲ್ಲ. ವಿಮಾನ ನಿಲ್ದಾಣದ ನಮ್ಮ ಹವಾಮಾನ ಕಚೇರಿಗೆ ಹಿರಿಯರಾದ, ನಾವೆಲ್ಲ ಮಾವ ಎಂದೇ ಕರೆಯುತ್ತಿದ್ದ ಅವರು, ಮೊಣಕೈ ಸವೆದ ಬೂದು ಕೋಟಿನ ಗುಂಡಿಗಳನ್ನು ಒಂದಕ್ಕೊಂದು ತಪ್ಪಿಸಿಯೇ ಹಾಕಿಕೊಂಡು, ಎಡಗಾಲನ್ನು ತುಸು ಎಳೆಯುತ್ತ ಕೆಳಗಿನ ಲಾಂಜಿಗೆ ಇಳಿದು, ಮಂಜಿನಿಂದ ಸಿಕ್ಕಿಬಿದ್ದ ಪ್ರಯಾಣಿಕರ ನಡುವೆ ಕೊನೆಯ ವಿಮಾನ ಹೊರಡುವವರೆಗೂ ಕೂತುಬಿಡುತ್ತಿದ್ದರು. ಪ್ರಾಯಶ್ಚಿತ್ತವೇ ಎಂದು ಯಾರಾದರೂ ಛೇಡಿಸಿದರೆ, "ಅಂಥದ್ದೇನಿಲ್ಲಪ್ಪಾ, ನಮ್ಮ ತಪ್ಪು ಎಷ್ಟು ಉದ್ದ ಇದೆ ಅಂತ ನೋಡ್ಬೇಕಲ್ಲ" ಎನ್ನುತ್ತಿದ್ದರು.

ಹವೆಯ ಗತಿಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಅವರಿಟ್ಟ ಹೆಸರು 'ಅಳಿಯ'. "ಅಳಿಯನಿಗೆ ಮರ್ಯಾದೆ ಕೊಡು. ಆದ್ರೆ ನಮ್ಮ ಹಿತ್ತಲು ಅವನಿಗೆ ಗೊತ್ತಿಲ್ಲ ಅನ್ನೋದು ನೆನಪಿಟ್ಕೋ." ರನ್‌ವೇ ಆಚೆಯ ಹೊಲಗಳಿಗೆ ನೀರು ಹಾಯಿಸಿದರೆ ಮಂಜು ಬೇಗ ಕದಲುವುದಿಲ್ಲ, ಮಾದರಿಗೆ ಮಾತ್ರ ಅದು ಸದಾ ಒಣನೆಲವೇ. ಆದ್ದರಿಂದ ದಿನವೂ ಸಂಜೆ ಬೇಲಿಯವರೆಗೆ ನಡೆದು ಹೊಲ ನೋಡಿ ಬರಬೇಕೆಂಬುದು ಅವರ ಕಟ್ಟಪ್ಪಣೆ.

ನನ್ನ ಮೊದಲ ಚಳಿಗಾಲದಲ್ಲಿ ಒಂದು ಸಂಜೆ ನಾನು ಹೋಗಲಿಲ್ಲ. ಸೋಮಾರಿತನ, ಬೇರೇನೂ ಅಲ್ಲ. ಮಂಜು ಎಂಟಕ್ಕೆ ಕರಗುವುದೆಂದು ಅಳಿಯ ಹೇಳಿದ, ನಾನು ಕಣ್ಣುಮುಚ್ಚಿ ಸಹಿ ಹಾಕಿದೆ. ಮರುದಿನ ಒಂಬತ್ತಾದರೂ ರನ್‌ವೇ ದೀಪಗಳೇ ಕಾಣಿಸಲಿಲ್ಲ. ಮಾವ ಬೈಯಲಿಲ್ಲ, ಲಾಂಜಿಗೆ ಕರೆದೊಯ್ದು ಒಬ್ಬ ಹೆಂಗಸಿನ ಪಕ್ಕ ಕೂರಿಸಿ, ತಾವೂ ಕೂತರು. ಮಧ್ಯಾಹ್ನ ಎರಡಕ್ಕೆ ಬೇರೊಂದು ಊರಿನಲ್ಲಿ ಆಕೆಯ ಮಗಳಿಗೆ ಹೃದಯದ ಶಸ್ತ್ರಚಿಕಿತ್ಸೆ. "ಅಮ್ಮ ಬರೋವರೆಗೂ ಒಳಗೆ ಹೋಗಲ್ಲ ಅಂತ ಹಟ ಮಾಡ್ತಿದ್ದಾಳೆ" ಎಂದರು ಆಕೆ.

ನಾಚಿಕೆಯಿಂದ ಹಿಡಿಯಾಗಿಹೋದೆ. "ಎಂಟಕ್ಕೆ ಮಂಜು ಹೋಗುತ್ತೆ ಅಂತ ಬರೆದಿದ್ದು ನಾನೇ ಅಮ್ಮ."

ಆಕೆ ನನ್ನನ್ನು ದಿಟ್ಟಿಸಿದರು. "ಆಗಿದ್ದಾಯ್ತು. ಕಾರಲ್ಲಿ ನಾಲ್ಕು ಗಂಟೆ ದಾರಿ. ಕಾಯ್ಲಾ, ಹೊರಡ್ಲಾ? ಈಗಾದ್ರೂ ಸರಿಯಾಗಿ ಹೇಳಪ್ಪಾ."

ಮಾವನ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬೇಲಿಗೆ ಓಡಿದೆ, ಹೊಲದ ತುಂಬ ನೀರು. ನೆಲ ಒದ್ದೆಯೆಂದು ತಿದ್ದಿ ಮಾದರಿಯನ್ನು ಮತ್ತೆ ಓಡಿಸಿ, ಏದುಸಿರು ಬಿಡುತ್ತ ಬಂದು, "ಮಧ್ಯಾಹ್ನ ಒಂದರವರೆಗೂ ಮಂಜು ಹೋಗಲ್ಲ ಅಮ್ಮ, ಹೊರಡಿ" ಎಂದೆ. ಮಂಜು ಸರಿದದ್ದು ಒಂದೂ ಇಪ್ಪತ್ತಕ್ಕೆ. ಎರಡಕ್ಕೆ ಕಾಲು ಗಂಟೆಯಿರುವಾಗ ಮಗಳ ಕೈ ಹಿಡಿದೆನೆಂದು ಸಂಜೆ ಆಕೆಯೇ ಫೋನ್ ಮಾಡಿದರು. ಅತ್ತುಬಿಟ್ಟೆ.

ತಪ್ಪು ಮಾಡಿದವರನ್ನು ಗದರುವವರು ಎಲ್ಲ ಕಚೇರಿಗಳಲ್ಲೂ ಬೇಕಾದಷ್ಟಿದ್ದಾರೆ. ಮುಚ್ಚಿಹಾಕಿ ಕಾಪಾಡುವ ದಯಾಳುಗಳಿಗೂ ಕೊರತೆಯಿಲ್ಲ. ನೊಂದವರ ಎದುರು ನಮ್ಮನ್ನು ಕೂರಿಸಿ, ತಾವೂ ಪಕ್ಕದಲ್ಲೇ ಕೂತು, ಮುಂದಿನ ಮಾತನ್ನು ನಮ್ಮ ಬಾಯಿಂದಲೇ ಆಡಿಸುವವರು ಅಪರೂಪ. ಅಂಥವರ ಕೈಕೆಳಗೆ ಕಲಿತವರಿಗೆ ತಪ್ಪುವ ಭಯ ಉಳಿದೇ ಇರುತ್ತದೆ, ಒಪ್ಪಿಕೊಳ್ಳುವ ಭಯ ಉಳಿಯುವುದಿಲ್ಲ. ಆ ಪುಣ್ಯಕ್ಕೆ ಬದುಕಿರುವತನಕ ನಾನು ಋಣಿ.