ಸೇಫ್ಟಿ ಸರಿ ಇದೆ

ಮೂರು, ಈಗ ನಾಲ್ಕು, ಬಾಗಿಲ ಮೇಲಿನ ಕೆಂಪು ಅಂಕಿ ನಾಲ್ಕರಲ್ಲಿ ಒಂದು ಗಳಿಗೆ ನಿಂತ ಹಾಗಾಯಿತು, ಇಲ್ಲ, ನಿಲ್ಲಲಿಲ್ಲ, ಐದಾಯಿತು, ತಲುಪಿದರು, ಸದ್ಯ, ಆ ಹಸಿರು ರೇಷ್ಮೆ ಸೀರೆಯ ಹೆಂಗಸಿನ ಕಂಕುಳಲ್ಲಿ ಮಗು ಇತ್ತು, ಬಾಯಲ್ಲಿ ಬೆರಳಿಟ್ಟುಕೊಂಡು ಬಾಗಿಲು ಮುಚ್ಚುವ ತನಕ ಇನ್ನಾಸಪ್ಪನನ್ನೇ ನೋಡುತ್ತಿತ್ತು — ಇನ್ನಾಸಪ್ಪ ಹೆಲ್ಮೆಟ್ಟನ್ನೂ ತೆಗೆಯದೆ ಪಿಳ್ಳಪ್ಪನವರ ಕಟ್ಟಡದ ನೆಲಮಹಡಿಯಲ್ಲಿ ಲಿಫ್ಟಿನ ಮುಂದೆ ನಿಂತಿದ್ದ, ಶೆಟ್ಟಿಹಳ್ಳಿಯಿಂದ ಕೊಡಿಗೇಹಳ್ಳಿಗೆ ಸ್ಕೂಟರಿನಲ್ಲಿ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ, ಬಂದದ್ದು ಲಿಫ್ಟ್ ನಿಲ್ಲಿಸುವುದಕ್ಕೆ, ನಿಲ್ಲಿಸುವ ಕೀ ಮುಷ್ಟಿಯಲ್ಲೇ ಇದೆ, ಬೆವರಿಗೆ ಒದ್ದೆಯಾಗಿದೆ, ಆದರೆ ಗೇಟಿನಲ್ಲಿ ಮಾವಿನೆಲೆಯ ತೋರಣ ಕಂಡಾಗಲೇ ನೆನಪಾದದ್ದು, ಬುಧವಾರ, ಗೌರಮ್ಮನವರು ಹೇಳಿದ್ದರಲ್ಲ, ಮೊಮ್ಮಗಳು ಇಂದುವಿನ ನಿಶ್ಚಿತಾರ್ಥ ಕಣಪ್ಪ, ಟೆರೇಸ್ ಮೇಲೆ ಇಟ್ಕೊಂಡಿದೀವಿ, ಹೆಂಡ್ತೀನೂ ಕರ್ಕೊಂಡ್ ಬಾ ಅಂತ, ಮೇಲೆ ಶಾಮಿಯಾನ, ಇನ್ನೂರು ಜನ, ಎಲ್ಲರೂ ಈ ಒಂದೇ ಪೆಟ್ಟಿಗೆಯಲ್ಲಿ ಹತ್ತಿಳಿಯಬೇಕು, ಪೆಟ್ಟಿಗೆ ಕೆಳಗೆ ಬರುತ್ತಿದೆ, ನಾಲ್ಕು, ಮೂರು, ಈ ಸಲ ಖಾಲಿಯಾದ ಕೂಡಲೇ ಕೀ ತಿರುಗಿಸಿಬಿಡಬೇಕು, ಎರಡು, ಒಂದ್ನಿಮಿಷ ಇರಿ ಅಂದ, ಅಂದನೋ ಅಥವಾ ಅನ್ನಬೇಕೆಂದುಕೊಂಡನೋ, ಹಣ್ಣಿನ ತಟ್ಟೆ ಹಿಡಿದ ಗಂಡಿನ ಕಡೆಯವರು ಅವನನ್ನು ಸರಿಸಿಕೊಂಡು ಒಳಗೆ ನುಗ್ಗಿದರು, ಬಾಗಿಲು ಮುಚ್ಚಿತು, ಎರಡನೇ ಸಲ, ಇದು ಎರಡನೇ ಸಲ ಬಿಟ್ಟದ್ದು, ಒಂದು.

ಬೆಳಿಗ್ಗೆ ಶೆಟ್ಟಿಹಳ್ಳಿಯ ಇನ್ನೊಂದು ಕಟ್ಟಡದಲ್ಲಿ ಹೆಲ್ಪರ್ ಪಂಚಪ್ಪ ಲಿಫ್ಟಿನ ಪೆಟ್ಟಿಗೆಯ ಕೆಳಗೆ ಟಾರ್ಚ್ ಬಿಟ್ಟು ಕರೆದ, ಅಣ್ಣಾ ಇಲ್ ನೋಡಿ, ಸೇಫ್ಟಿ ಅಲ್ಲಾಡ್ತಾನೇ ಇಲ್ಲ — ಹಗ್ಗ ಕಿತ್ತುಹೋದರೆ ಪೆಟ್ಟಿಗೆ ಬೀಳದಂತೆ ಪಕ್ಕದ ಹಳಿಯನ್ನು ಕಚ್ಚಿ ಹಿಡಿಯುವ ಉಕ್ಕಿನ ದವಡೆ, ಅವರ ಕಸುಬಿನವರು ಅದನ್ನು ಸೇಫ್ಟಿ ಅನ್ನುತ್ತಾರೆ — ತುಕ್ಕು ಹಿಡಿದು ಒಂದಕ್ಕೊಂದು ಬೆಸುಗೆ ಹಾಕಿದ ಹಾಗೆ ಕೂತಿತ್ತು, ಸುತ್ತಿಗೆಯಲ್ಲಿ ಹೊಡೆದರೂ ಜಪ್ಪಯ್ಯ ಅನ್ನಲಿಲ್ಲ, ಪಂಚಪ್ಪ ನಗುತ್ತಾ, ಸದ್ಯ ನೋಡಿದ್ವಿ, ಇದರ ಜೋಡಿ ಲಿಫ್ಟ್ ಪಿಳ್ಳಪ್ಪನೋರ ಬಿಲ್ಡಿಂಗ್‌ದು ಅಲ್ವಾ ಅಣ್ಣಾ, ಒಂದೇ ತಿಂಗಳು ಹಾಕಿದ್ದು, ಅದು ಸರಿ ಇತ್ತಲ್ಲ ಅಂದ, ಹ್ಞೂಂ ಅಂದ ಇನ್ನಾಸಪ್ಪ, ಹ್ಞೂಂ ಅಂದಮೇಲೆ ಕೈ ತೊಳೆಯಲಿಲ್ಲ, ಪಂಚಪ್ಪನಿಗೆ ಹೇಳಲಿಲ್ಲ, ಸ್ಕೂಟರ್ ಹತ್ತಿದ, ದಾರಿಯಲ್ಲಿ ಹೆಂಡತಿ ಮರಿಯಮ್ಮನಿಗೆ ಫೋನ್ ಮಾಡಿದ, ನಾನು ನೋಡಿರ್ಲಿಲ್ಲ ಕಣೇ, ನೋಡದೇ ಸೈನ್ ಹಾಕಿದೀನಿ, ಆ ಕಡೆ ಕುಕ್ಕರ್ ಕೂಗುತ್ತಿತ್ತು, ಅವಳು ಒಲೆ ಆರಿಸಿದಳು, ಆಮೇಲೆ, ಮೊದ್ಲು ಹೋಗಿ ನಿಲ್ಸಿ, ಏನ್ ಹೇಳ್ಬೇಕು ಅನ್ನೋದು ಆಮೇಲೆ, ಅಂದಳು, ಆಮೇಲೆ ಅನ್ನುವುದು ಈಗ ಬಂದುಬಿಟ್ಟಿದೆ.

ಆರು ವರ್ಷದ ಹಿಂದೆ ಹಳೇ ಮನೆಯೊಂದರ ಮುಂದಿನ ಕೋಣೆ ಬಾಡಿಗೆಗೆ ಹಿಡಿದು ದಯಾ ಲಿಫ್ಟ್ ಸರ್ವಿಸ್ ಅಂತ ಬೋರ್ಡ್ ಹಾಕಿದ ದಿನ ಫಾದರ್ ಬಂದು ಪವಿತ್ರ ಜಲ ಚಿಮುಕಿಸಿದರು, ಮೇಜಿನ ಮೇಲೆ ಶಿಲುಬೆ, ಶಿಲುಬೆಯ ಕೆಳಗೆ ಮರಿಯಮ್ಮ ರಟ್ಟಿನ ಮೇಲೆ ದುಂಡಗೆ ಬರೆದಿಟ್ಟಳು, ಭಾನುವಾರ ರಜೆ, ಯಾರಾದರೂ ಒಳಗೆ ಸಿಕ್ಕಿಕೊಂಡರೆ ಮಾತ್ರ ಓಡಬೇಕು, ಯಾವ ಮ್ಯಾನೇಜರಿಗೂ ಕವರ್ ಕೊಡುವುದಿಲ್ಲ, ಕಣ್ಣಾರೆ ನೋಡದ್ದಕ್ಕೆ ಸಹಿ ಇಲ್ಲ, ಕೊನೆಯದನ್ನು ಬರೆಯಿಸಿದ್ದು ಅವನೇ, ಯಾಕೆಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು, ಹಿಂದೆ ದುಡಿಯುತ್ತಿದ್ದ ದೊಡ್ಡ ಕಂಪನಿಯಲ್ಲಿ ಜೊತೆ ಕೆಲಸದ ಶೇಖರಪ್ಪ ಮೂರನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ಬಿದ್ದು ಸತ್ತಾಗ ಬೆಲ್ಟ್ ಹಾಕ್ಕೊಂಡಿರಲಿಲ್ಲ, ಅವನದೇ ತಪ್ಪು ಅಂತ ಬರೆದುಕೊಟ್ಟವನು ಇನ್ನಾಸಪ್ಪ, ಕಂಪನಿ ಬೆಲ್ಟೇ ಕೊಟ್ಟಿರಲಿಲ್ಲ, ಆದರೂ ಬರೆದುಕೊಟ್ಟ, ಮೂರು ತಿಂಗಳು ಚರ್ಚಿನಲ್ಲಿ ಪ್ರಸಾದಕ್ಕೆ ಸಾಲಿನಲ್ಲಿ ನಿಲ್ಲಲಾಗಲಿಲ್ಲ, ಕೆಲಸ ಬಿಟ್ಟ, ಇನ್ನು ಮೇಲೆ ದೇವರೇ ಯಜಮಾನ ಅಂದುಕೊಂಡು ಇದನ್ನು ಶುರು ಮಾಡಿದ, ಪ್ರತಿ ಶನಿವಾರ ಕೆಲಸಕ್ಕೆ ಮುಂಚೆ ಪ್ರಾರ್ಥನೆ, ಪಂಚಪ್ಪ ಕುಂಕುಮ ಇಟ್ಟುಕೊಂಡೇ ಕೈಮುಗಿದು ನಿಲ್ಲುತ್ತಾನೆ, ಪಿಳ್ಳಪ್ಪನವರು ಊರೆಲ್ಲ ಹೇಳಿಕೊಂಡು ಬಂದರು, ಯೇಸು ಸ್ವಾಮಿ ಕಡೆಯೋನು, ಸುಳ್ಳು ಆಡಾಕಿಲ್ಲ, ಅವನಿಗೇ ಕೊಡಿ, ಹಾಗೆ ಹೇಳಿ ಹೇಳಿಯೇ ಒಂದಿದ್ದದ್ದು ಹನ್ನೊಂದು ಕಟ್ಟಡವಾಯಿತು — ಹದಿಮೂರು ದಿನದ ಹಿಂದೆ, ಯೇಸು ಶಿಷ್ಯರ ಕಾಲು ತೊಳೆದ ಪವಿತ್ರ ಗುರುವಾರ, ಈ ಕಟ್ಟಡದಲ್ಲಿ ಕರೆಂಟ್ ಬಂದದ್ದೇ ಐದಕ್ಕೆ, ಆರಕ್ಕೆ ಪೂಜೆ, ಈ ವರ್ಷ ಫಾದರ್ ಪಾದ ತೊಳೆಯುವ ಹನ್ನೆರಡು ಮಂದಿಯಲ್ಲಿ ಅವನ ಹೆಸರೂ ಇತ್ತು, ಎಲ್ಲವನ್ನೂ ನೋಡಿದ್ದ, ಬಾಗಿಲು, ಬ್ರೇಕು, ಹಗ್ಗ, ಸೇಫ್ಟಿ ಒಂದು ಉಳಿದಿತ್ತು, ಅರ್ಧ ಗಂಟೆಯ ಕೆಲಸ, ಹೋದ ಸಲ ಸರಿ ಇತ್ತಲ್ಲ, ಸೇಫ್ಟಿ ಸರಿ ಇದೆ ಅಂತ ಬರೆದು ಸಹಿ ಹಾಕಿ ಸ್ನಾನಕ್ಕೆ ಓಡಿದ, ಗ್ರೀಸ್ ಹೋಗಲೆಂದು ಕಾಲನ್ನು ಸೀಮೆಎಣ್ಣೆಯಲ್ಲಿ ಉಜ್ಜಿಕೊಂಡ, ಫಾದರ್ ಬಗ್ಗಿ ಬಲಗಾಲಿನ ಮೇಲೆ ನೀರು ಹುಯ್ದಾಗ, ಟವಲಿನಿಂದ ಒರೆಸಿದಾಗ, ಕಣ್ಣಲ್ಲಿ ನೀರು ಬಂತು, ನಾನು ಯೋಗ್ಯನಲ್ಲ ಅಂದುಕೊಂಡ, ಅದನ್ನು ಎಷ್ಟು ಸುಖವಾಗಿ ಅಂದುಕೊಂಡ.

ಬಾಗಿಲು ತೆರೆದಿದೆ, ಖಾಲಿ, ಗೌರಮ್ಮ, ಪಿಳ್ಳಪ್ಪನವರ ಹೆಂಡತಿ, ಎಪ್ಪತ್ತು ದಾಟಿದವರು, ಬೀಗರಿಗೆ ಆರತಿ ಎತ್ತಲು ಕೆಳಗೆ ಬಂದವರು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ಲಿಫ್ಟಿನತ್ತ ಬರುತ್ತಿದ್ದಾರೆ, ಹಿಂದೆ ಮಕ್ಕಳ ಹಿಂಡು, ಬಂದ್ಯಾ ಇನ್ನಾಸಪ್ಪಾ, ಮರಿಯಮ್ಮ ಎಲ್ಲಿ, ಅನ್ನುತ್ತಲೇ ಒಂದು ಕಾಲು ಒಳಗಿಟ್ಟರು, ಅವನ ಕೈ ತಾನಾಗೇ ಬಾಗಿಲಿಗೆ ಅಡ್ಡ ಹೋಯಿತು, ಬೇಡಮ್ಮಾ, ಹತ್ಬೇಡಿ, ಇನ್ನೊಂದು ಕೈ ಕೀ ತಿರುಗಿಸಿತು, ಒಳಗಿನ ದೀಪ ಆರಿತು, ಫ್ಯಾನಿನ ಸದ್ದು ಇಳಿದು ಇಳಿದು ನಿಂತಿತು, ಎಷ್ಟು ಸುಲಭ, ಇಷ್ಟೇ ಇದ್ದದ್ದು, ಮಕ್ಕಳು ಓ ಅಂದರು, ರೇಷ್ಮೆ ಪಂಚೆ ಎತ್ತಿ ಕಟ್ಟಿದ್ದ ಉಮೇಶ್, ಗೌರಮ್ಮನ ಮಗ, ಹುಡುಗಿಯ ತಂದೆ, ಅಡುಗೆಯವರ ಕಡೆಯಿಂದ ಓಡಿ ಬಂದ, ಏನ್ರೀ ಇನ್ನಾಸಪ್ಪ, ಫೇಸ್ ಹೋಯ್ತಾ, ಥತ್, ಕರೆಂಟ್‌ನೋರಿಗೆ ಇವತ್ತೇ ಬೇಕಿತ್ತಾ — ಹೌದು ಸಾರ್, ಇಷ್ಟು ಸಾಕು, ಎರಡು ಮಾತು, ತಲೆ ಆಡಿಸಿದರೂ ಸಾಕು, ಲಿಫ್ಟ್ ಹೇಗೂ ನಿಂತಿದೆ, ಯಾರಿಗೂ ಏನೂ ಆಗುವುದಿಲ್ಲ, ಸಂಜೆ ಹೊಸ ಸೇಫ್ಟಿ ತಂದು ಹಾಕಿದರೆ ಮುಗಿಯಿತು, ಪಂಚಪ್ಪನ ಮನೆ, ಮರಿಯಮ್ಮನ ರಟ್ಟು, ಹನ್ನೊಂದು ಕಟ್ಟಡ, ದೇವರೇ ಈ ಮಾತನ್ನು ಉಮೇಶನ ಬಾಯಿಗೆ ಕೊಟ್ಟಿರಬಾರದೇಕೆ, ಬೆಲ್ಟ್ ಹಾಕ್ಕೊಂಡಿರಲಿಲ್ಲ ಅಂತ ಬರಿ ಇನ್ನಾಸಪ್ಪ, ಅಂದೂ ಹೀಗೇ ಯಾರೋ ವಾಕ್ಯ ಸಿದ್ಧ ಮಾಡಿ ಕೈಗೆ ಕೊಟ್ಟಿದ್ದರು, ಶೇಖರಪ್ಪನ ಹೆಂಡತಿ ಆ ಕಾಗದ ಹಿಡಿದುಕೊಂಡು ಓದಲು ಬಾರದೆ ಅವನ ಹತ್ತಿರವೇ ಓದಿಸಿದ್ದಳು — ಫೇಸ್ ಹೋಗಿಲ್ಲ ಸಾರ್, ನಾನೇ ಆಫ್ ಮಾಡಿದ್ದು, ಧ್ವನಿ ತನ್ನದಲ್ಲ ಅನ್ನಿಸಿತು, ಹದಿಮೂರು ದಿನದ ಹಿಂದೆ, ಆ ಗುರುವಾರ, ಸೇಫ್ಟಿ ಟೆಸ್ಟ್ ಮಾಡಿದೀನಿ ಅಂತ ಬರೆದಿದ್ದೆ, ಮಾಡಿರ್ಲಿಲ್ಲ, ಇದರ ಜೋಡಿ ಲಿಫ್ಟ್ ಇವತ್ತು ನೋಡ್ದೆ, ತುಕ್ಕು ಹಿಡಿದು ಹೋಗಿದೆ, ಇದೂ ಹಾಗೇ ಇರ್ಬಹುದು, ಹಗ್ಗ ಹೋದ್ರೆ ತಡೆಯೋದು ಏನೂ ಇಲ್ಲ. ಉಮೇಶ್ ಸುತ್ತ ನೋಡಿದ, ಬೀಗರು ಕೇಳಿಸಿಕೊಳ್ಳುತ್ತಿದ್ದಾರೆ, ದನಿ ತಗ್ಗಿಸಿ, ಎರಡು ಗಂಟೆವರ್ಗೂ ಓಡ್ಸಿ, ಹದಿಮೂರು ದಿನ ಬೀಳದೇ ಇದ್ದಿದ್ದು ಇನ್ನೆರಡು ಗಂಟೇಲಿ ಬೀಳತ್ತಾ, ಅಂದ, ಇಲ್ಲ ಸಾರ್, ಓಡ್ಸೋಕಾಗಲ್ಲ, ಅಂದ ಇವನು, ಪೇಟ ಸುತ್ತಿಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಪಿಳ್ಳಪ್ಪನವರು, ಯಾಕಪ್ಪಾ ಇಂಗ್ ಮಾಡ್ದೆ, ಅಂದರು, ಬೈದಿದ್ದರೆ ಚೆನ್ನಾಗಿತ್ತು, ಚರ್ಚಿಗೆ ಹೊತ್ತಾಗಿತ್ತು ಯಜಮಾನ್ರೇ, ಅಂದ, ಬೇರೆ ಏನು ಹೇಳುವುದು, ಅದೇ ನಿಜ, ಅದನ್ನು ಹೇಳುವಾಗ ಬೂಟಿನೊಳಗೆ ಬಲಗಾಲು ಬೆಂಕಿ ಮುಟ್ಟಿದ ಹಾಗೆ ಉರಿಯಿತು.

ಎಲ್ಲಿ ತೋರ್ಸಿ, ನೋಡಿದ್ರೆ ನಂಬ್ತೀನಿ, ಅಂದು ಉಮೇಶ್ ಮೆಟ್ಟಿಲು ಹತ್ತಿದ, ಟೆರೇಸಿನ ಮೇಲೆ ನಾದಸ್ವರ, ಹೆಸರುಬೇಳೆ ಕೋಸಂಬರಿಯ ವಾಸನೆ, ಅದರ ಮೇಲಿನ ಮೋಟಾರ್ ಕೋಣೆಯಲ್ಲಿ ಇಬ್ಬರೇ, ಇನ್ನಾಸಪ್ಪ ಬಾಗಿಲುಗಳನ್ನು ಭದ್ರ ಮಾಡಿಸಿ ಖಾಲಿ ಪೆಟ್ಟಿಗೆಯನ್ನು ಮೇಲಕ್ಕೆ ತಂದು ನಿಧಾನಕ್ಕೆ ಕೆಳಗೆ ಬಿಟ್ಟ, ಈಗ ಈ ಕೊಕ್ಕೆ ಒತ್ತುತ್ತೀನಿ ಸಾರ್, ಸೇಫ್ಟಿ ಹಳಿ ಕಚ್ಚಿ ಪೆಟ್ಟಿಗೆ ಧಡ್ ಅಂತ ನಿಲ್ಬೇಕು, ಒತ್ತಿದ, ನಿಲ್ಲಲಿ, ಕರ್ತನೇ ನಿಲ್ಲಲಿ, ನಾನು ಸುಳ್ಳುಗಾರ ಆದರೂ ಸರಿ ಇದು ನಿಲ್ಲಲಿ, ಪೆಟ್ಟಿಗೆ ಇಳಿಯಿತು, ಇನ್ನೂ ಇಳಿಯಿತು, ತಣ್ಣಗೆ, ಎಣ್ಣೆ ಹಾಕಿದ ಹಾಗೆ, ಅವನೇ ಮೋಟಾರ್ ನಿಲ್ಲಿಸುವ ತನಕ ಇಳಿಯುತ್ತಲೇ ಇತ್ತು, ನಿಲ್ಬೇಕಿತ್ತಲ್ವಾ ಅಂದ ಉಮೇಶ್, ಹೌದು ಸಾರ್, ಉಮೇಶನ ಮುಖ ಬಿಳಿಚಿಕೊಂಡಿತು, ಬೆಳಿಗ್ಗೆ ನನ್ ಮಗಳು ಇದರಲ್ಲೇ ಹೋಗಿ ಮೇಕಪ್ ಮಾಡಿಸ್ಕೊಂಡು ಬಂದ್ಲು, ಅಂದ, ಆಮೇಲೆ, ನಾಳೆಯಿಂದ ಈ ಕಡೆ ಬರ್ಬೇಡಿ, ಉಳಿದ ಬಿಲ್ಡಿಂಗ್‌ನೋರಿಗೂ ನಾನೇ ಹೇಳ್ತೀನಿ, ಅಂದ, ಇನ್ನಾಸಪ್ಪ ತಲೆ ಆಡಿಸಿದ, ಸರಿಯಾದದ್ದನ್ನು ಮಾಡಿದರೆ ಒಳಗೆ ಹಗುರಾಗುತ್ತದೆ ಅಂತ ಎಷ್ಟು ಸಲ ಕೇಳಿದ್ದ, ಏನೂ ಹಗುರಾಗಲಿಲ್ಲ.

ಕೆಳಗೆ ಗೌರಮ್ಮ ಹಾಗೇ ಕೂತಿದ್ದರು, ಐದು ಮಹಡಿ ಅವರಿಂದ ಹತ್ತಲಾಗದು, ಅಜ್ಜಿ ಇಲ್ಲದೆ ಉಂಗುರ ಹಾಕಿಸ್ಕೊಳ್ಳಲ್ಲ ಅಂತ ಇಂದು ಮೇಲಿನಿಂದ ಹೇಳಿ ಕಳಿಸಿದ್ದಳು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹಿಂದಿನಿಂದ ಬೀಗರ ಕಡೆಯ ಇಬ್ಬರು, ಮುಂದೆ ಉಮೇಶ್, ಕುರ್ಚಿಯ ಇನ್ನೊಂದು ಕಾಲಿಗೆ ಇನ್ನಾಸಪ್ಪ ಕೈ ಹಾಕಿದ, ಉಮೇಶ್ ಬೇಡ ಅನ್ನಲಿಲ್ಲ, ಅವನ ಕಡೆ ನೋಡಲೂ ಇಲ್ಲ, ಒಂದು ಮಹಡಿ, ಎರಡು, ಮಲ್ಲಿಗೆಯ ವಾಸನೆ, ಅಮೃತಾಂಜನದ ವಾಸನೆ, ಮೂರನೆಯ ಮಹಡಿಯ ತಿರುವಿನಲ್ಲಿ ದಮ್ಮು ಹತ್ತಿ ಕುರ್ಚಿ ಇಳಿಸಿದರು, ಗೌರಮ್ಮ ಬಗ್ಗಿ ಅವನ ಮುಖ ನೋಡಿ, ಆ ಗುರುವಾರದಿಂದ ಅಂದ್ಯೇನಪ್ಪ, ಅಂದರು, ಹೌದಮ್ಮಾ, ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅವತ್ತಿನಿಂದ ಲಿಫ್ಟ್ ಹತ್ತಿದ್ದನ್ನೆಲ್ಲ ಎಣಿಸತೊಡಗಿದರು, ಶುಕ್ರವಾರ ದೇವಸ್ಥಾನಕ್ಕೆ, ಓಗ್ತಾ ಒಂದು ಬರ್ತಾ ಒಂದು, ಹೆಬ್ಬೆರಳು ಕಿರುಬೆರಳಿನ ಎರಡು ಗೆಣ್ಣು ಮುಟ್ಟಿತು, ಶನಿವಾರ ಮಕ್ಳನ್ನ ಕರ್ಕೊಂಡು ಆಟ ಆಡ್ಸಕ್ಕೆ, ಮೂರು ಮಕ್ಳು, ಹೆಬ್ಬೆರಳು ಮೂರು ಗೆಣ್ಣು ಮುಂದೆ ಸರಿಯಿತು, ಭಾನುವಾರ ಇಂದು ಜೊತೆ ರವಿಕೆ ಒಲ್ಸಕ್ಕೆ, ಸಂಜೆ ಅವಳ ಸ್ನೇಹಿತ್ರು ಐದು ಜನ ಬಂದಿದ್ರು, ಗೆಣ್ಣಿನ ಮೇಲೆ ಗೆಣ್ಣು, ಸಾಕು ಬಿಡಮ್ಮ ಅಂದ ಉಮೇಶ್, ಅವರು ಬಿಡಲಿಲ್ಲ, ಸೋಮವಾರ, ಏಳಿ ಎತ್ತಿ ಅಂದ ಯಾರೋ, ಕುರ್ಚಿ ಮೇಲೆದ್ದಿತು, ಇನ್ನಾಸಪ್ಪನ ಕಣ್ಣಿನ ಮಟ್ಟಕ್ಕೆ ಆ ಕೈ, ಹಸಿರು ಬಳೆ, ಅರಿಶಿನ ಹತ್ತಿದ ಬೆರಳು, ಬಲಗೈಯ ಗೆಣ್ಣೆಲ್ಲ ಮುಗಿದು ಎಡಗೈ ತೆರೆಯಿತು, ಮಂಗಳವಾರ, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ, ಮೆಟ್ಟಿಲು, ಗೆಣ್ಣಿನಿಂದ ಗೆಣ್ಣಿಗೆ, ಹೆಬ್ಬೆರಳು